ಘಾಟಿಯಲ್ಲಿ ಕಟಕಟ: ಪ್ರೀಮಿಯಂ ಪೆಟ್ರೋಲ್ ಬೇಕಿತ್ತಾ? ಒಂದು ಗಾಡಿಯ ರಿಪೇರಿ ದಾಖಲೆ

ಗಾಡಿ 2017ರ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ, ಇಂಜೆಕ್ಟರ್ ಇನ್‌ಟೇಕ್ ಪೋರ್ಟಿನಲ್ಲಿ, ಕಂಪ್ರೆಷನ್ ಅನುಪಾತ 11:1. ಓಡಿದ್ದು 78,000 ಕಿ.ಮೀ. ಟ್ಯಾಂಕ್ 37 ಲೀಟರ್. ಕೈಪಿಡಿಯಲ್ಲಿ ಬರೆದಿರುವುದು: ಸೀಸರಹಿತ ಪೆಟ್ರೋಲ್, ಆರ್‌ಒಎನ್ (ಆಕ್ಟೇನ್ ಸಂಖ್ಯೆ) 91 ಅಥವಾ ಹೆಚ್ಚು, ಎಥೆನಾಲ್ ಇ10ರವರೆಗೆ, ಅಂದರೆ ನೂರಕ್ಕೆ 10 ಪಾಲು.

ದೂರು ಇದು. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಲು ಶುರುವಾದೊಡನೆ, ಮೂರನೇ ಗೇರಿನಲ್ಲಿ 1,800ರಿಂದ 2,500 ಆರ್‌ಪಿಎಂ ನಡುವೆ, ಆಕ್ಸಿಲರೇಟರ್ ಅರ್ಧಕ್ಕಿಂತ ಹೆಚ್ಚು ಒತ್ತಿದರೆ ಬಾನೆಟ್ ಒಳಗಿಂದ ಕಟಕಟ ಶಬ್ದ. ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ. ಬೆಂಗಳೂರಿನ ಒಳಗೆ ಓಡಾಡುವಾಗ ಏನೂ ಇಲ್ಲ. ಮಾಲೀಕರು ಮೊದಲು 95ರ ಪ್ರೀಮಿಯಂ ಹಾಕಿಸಿ ನೋಡಿದರು, ವ್ಯತ್ಯಾಸ ಕಾಣಲಿಲ್ಲ. ಆಮೇಲೆ 100 ಆಕ್ಟೇನ್ ಹಾಕಿಸಿದರು, ಶಬ್ದ ನಿಂತಿತು. ಅವರ ಪ್ರಶ್ನೆ: ಇನ್ನು ಮುಂದೆ ಇದನ್ನೇ ಹಾಕಿಸಬೇಕೇ?

ಉತ್ತರ ಹೇಳುವ ಮೊದಲು ಗಾಡಿಯನ್ನು ನೋಡಬೇಕು. 91 ಸಾಕು ಎಂದು ತಯಾರಕರೇ ಬರೆದ ಎಂಜಿನ್ 100 ಕೇಳುತ್ತಿದೆ ಎಂದರೆ ಕೊರತೆ ಪೆಟ್ರೋಲಿನದಲ್ಲ, ಎಂಜಿನ್ನಿನದು.

ಆಕ್ಟೇನ್ ಎಂದರೆ ಏನು, ಏನಲ್ಲ

ಸಿಲಿಂಡರಿನಲ್ಲಿ ಪ್ಲಗ್ ಕಿಡಿ ಹೊತ್ತಿಸಿದ ಮೇಲೆ ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಬ್ಬಬೇಕು. ಹಬ್ಬುತ್ತಾ ಹೋದಂತೆ ಮೂಲೆಯಲ್ಲಿ ಇನ್ನೂ ಉರಿಯದೆ ಉಳಿದ ಮಿಶ್ರಣ ಒತ್ತಡಕ್ಕೂ ಬಿಸಿಗೂ ಸಿಕ್ಕಿ ತಾನಾಗಿಯೇ ಒಮ್ಮೆಲೇ ಸಿಡಿದರೆ ಅದೇ ನಾಕಿಂಗ್. ಆ ಸಿಡಿತಕ್ಕೆ ಪೆಟ್ರೋಲ್ ಎಷ್ಟು ತಡೆ ಒಡ್ಡುತ್ತದೆ ಎನ್ನುವುದರ ಅಳತೆಯೇ ಆಕ್ಟೇನ್ ಸಂಖ್ಯೆ. ಅದು ಶಕ್ತಿಯ ಅಳತೆ ಅಲ್ಲ. 91 ಸಾಕಾಗುವ ಎಂಜಿನ್ನಿಗೆ 100 ಹಾಕಿದರೆ ಎಂಜಿನ್ನಿಗೆ ಹೊಸದಾಗಿ ಸಿಗುವುದು ಬಳಕೆಗೆ ಬಾರದ ತಡೆ ಮಾತ್ರ.

ಬಂಕಿನಲ್ಲಿ ಕಿಟಕಿ ಇಳಿಸಿದ ಕೂಡಲೇ ‘ಪವರ್ ಹಾಕ್ಲಾ ಸಾರ್, ನಾರ್ಮಲ್ಲಾ?’ ಎಂದು ಕೇಳುತ್ತಾರೆ. ಆ ‘ಪವರ್’ ಎಂಬ ಹೆಸರಿನಿಂದಲೇ ಅರ್ಧ ತಪ್ಪು ತಿಳಿವಳಿಕೆ ಹುಟ್ಟಿದೆ.

ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಬಿಎಸ್-2 (ಭಾರತ್ ಸ್ಟೇಜ್ ಹೊಗೆ ನಿಯಮದ ಎರಡನೇ ಹಂತ) ಕಾಲದಲ್ಲಿ ಮಾಮೂಲಿ ಪೆಟ್ರೋಲಿನ ಆರ್‌ಒಎನ್ 88 ಇತ್ತು, ಆಮೇಲೆ 91 ಆಯಿತು. ಇ20 ಬಂದ ಮೇಲೆ ಅದು 95 ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ವಿವರಿಸಿತು. ಎಥೆನಾಲಿನ ಆಕ್ಟೇನ್ ಸುಮಾರು 108. ಅದನ್ನು 20 ಭಾಗ ಬೆರೆಸಿದರೆ ಒಟ್ಟು ಸಂಖ್ಯೆ ಏರಲೇಬೇಕು. ಅಂದರೆ ಇವತ್ತು ಮಾಮೂಲಿ ನಾಜಲ್‌ನಿಂದ ಬರುವ ಇ20ಗೂ 95 ಎಂದು ಬರೆದ ಪ್ರೀಮಿಯಂಗೂ ಆಕ್ಟೇನ್‌ನಲ್ಲಿ ಹೇಳಿಕೊಳ್ಳುವ ಅಂತರ ಉಳಿದಿಲ್ಲ. ಲೀಟರಿಗೆ ಕೊಡುವ ಹೆಚ್ಚುವರಿ ಹಣಕ್ಕೆ ಮುಖ್ಯವಾಗಿ ಸಿಗುವುದು ಕಾರ್ಬನ್ ಕಟ್ಟದಂತೆ ಬೆರೆಸಿದ ಶುಚಿಕಾರಕ. ಈ ಗಾಡಿಯಲ್ಲಿ 95 ಹಾಕಿದಾಗ ವ್ಯತ್ಯಾಸ ಕಾಣದೆ 100 ಹಾಕಿದಾಗ ಕಂಡದ್ದಕ್ಕೆ ಇದೇ ಕಾರಣ.

ಬೆಂಗಳೂರಿನಲ್ಲಿ ಶಬ್ದ ಇಲ್ಲ, ಘಾಟಿಯ ಬುಡದಲ್ಲಿ ಇದೆ. ಏಕೆ? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಅಲ್ಲಿನ ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್, ಮಂಗಳೂರಿನಲ್ಲಿ 101. ಟರ್ಬೊ ಇಲ್ಲದ ಎಂಜಿನ್ ಬೆಂಗಳೂರಿನಲ್ಲಿ ಎಷ್ಟೇ ಒತ್ತಿದರೂ ಸಿಲಿಂಡರಿಗೆ ಹತ್ತರಲ್ಲಿ ಒಂದು ಪಾಲು ಗಾಳಿ ಕಡಿಮೆಯೇ ಹೋಗುತ್ತದೆ. ಗಾಳಿ ಕಡಿಮೆ ಎಂದರೆ ಒತ್ತಡ ಕಡಿಮೆ, ನಾಕಿಂಗ್ ಸಾಧ್ಯತೆಯೂ ಕಡಿಮೆ. ಕರಾವಳಿಯಲ್ಲಿ ಗಾಳಿ ದಟ್ಟ, ಬಿಸಿಯೂ ಹೆಚ್ಚು, ಎದುರಿಗೆ ಏರು. ಮೂರೂ ಒಟ್ಟಿಗೆ ಸೇರುವ ಜಾಗ ಗುಂಡ್ಯ. ಹಾಗಾಗಿ ಬೆಂಗಳೂರಿನಲ್ಲಿ ಟೆಸ್ಟ್ ಡ್ರೈವ್ ಮಾಡಿ ‘ಏನೂ ತೊಂದರೆ ಇಲ್ಲ’ ಎಂದು ಕಳಿಸಿದರೆ ಅದು ಪರೀಕ್ಷೆಯೇ ಅಲ್ಲ. ಈ ಕೆಲಸವನ್ನು ಘಾಟಿಯ ಕೆಳಗೇ ಮಾಡಿದ್ದು ಅದಕ್ಕೇ.

ಮೊದಲ ದಿನ: ಪೆಟ್ರೋಲ್ ಪರೀಕ್ಷೆ

ಕಲಬೆರಕೆ ಇದೆಯೋ ಇಲ್ಲವೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಸೀಮೆಎಣ್ಣೆ ಬೆರೆತರೆ ಆಕ್ಟೇನ್ ನೇರವಾಗಿ ಬೀಳುತ್ತದೆ, ಆಗ ಉಳಿದ ಪರೀಕ್ಷೆಗಳಿಗೆ ಅರ್ಥವಿಲ್ಲ.

ಬಂಕಿನಲ್ಲಿ ಮೂರು ಪರೀಕ್ಷೆ ಕೇಳುವ ಹಕ್ಕು ಗ್ರಾಹಕರಿಗಿದೆ. ಒಂದು, ಫಿಲ್ಟರ್ ಕಾಗದ: ನಾಜಲ್ ತುದಿಯನ್ನು ಒರೆಸಿ ಒಂದು ಹನಿ ಬಿಡಿಸಬೇಕು. ಸುಮಾರು 2 ನಿಮಿಷದಲ್ಲಿ ಕಲೆ ಉಳಿಸದೆ ಆರಬೇಕು. ತಿಳಿ ಗುಲಾಬಿ ಛಾಯೆ ಉಳಿದರೆ ಅದು ಪೆಟ್ರೋಲಿಗೆ ಹಾಕಿದ ಬಣ್ಣ. ಎಣ್ಣೆಯಂಥ ಕಪ್ಪು ಅಂಚು ಉಳಿದರೆ ಸಂಶಯ ಪಡಬೇಕು. ಎರಡು, ಸಾಂದ್ರತೆ: ಹೈಡ್ರೋಮೀಟರಿನ ಅಂಕಿಯನ್ನು 15 ಡಿಗ್ರಿ ಸೆಲ್ಸಿಯಸ್‌ಗೆ ಪರಿವರ್ತಿಸಿ, ಆ ದಿನದ ದಾಖಲೆಯ ಅಂಕಿಯೊಂದಿಗೆ ಹೋಲಿಸಬೇಕು. ಘನಮೀಟರಿಗೆ 3 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮೂರು, ಅಳತೆ: 5 ಲೀಟರಿನ ಮುದ್ರೆಯ ಪಾತ್ರೆಯಲ್ಲಿ 25 ಮಿ.ಲೀ.ಗಿಂತ ಹೆಚ್ಚು ಕೊರತೆ ಸಲ್ಲದು. ಅಳತೆಗೂ ನಾಕಿಂಗ್‌ಗೂ ಸಂಬಂಧವಿಲ್ಲ, ಆದರೆ ಮುಂದೆ ಮೈಲೇಜ್ ಲೆಕ್ಕ ಹಾಕುವವರಿಗೆ ಅದು ಬೇಕೇ ಬೇಕು.

ಎಥೆನಾಲ್ ಎಷ್ಟಿದೆ ಎಂದು ನಾವೇ ಅಳೆದೆವು. 100 ಮಿ.ಲೀ. ಗಾಜಿನ ಅಳತೆ ಸಿಲಿಂಡರಿಗೆ 10 ಮಿ.ಲೀ. ನೀರು, ಅದರ ಮೇಲೆ 90 ಮಿ.ಲೀ. ಪೆಟ್ರೋಲ್. ಮುಚ್ಚಿ ಒಂದು ನಿಮಿಷ ಅಲ್ಲಾಡಿಸಿ, ನಡುವೆ ಎರಡು ಬಾರಿ ಮುಚ್ಚಳ ಸಡಿಲಿಸಿ ಆವಿ ಬಿಟ್ಟು, 10 ನಿಮಿಷ ನಿಲ್ಲಿಸಿದೆವು. ಎಥೆನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಕೆಳಗಿಳಿಯುತ್ತದೆ. ಕೆಳಪದರ 10ರಿಂದ 27ಕ್ಕೆ ಏರಿತು. 27ರಲ್ಲಿ 10 ಕಳೆದು 90ರಿಂದ ಭಾಗಿಸಿದರೆ ಶೇ. 19. 95ರ ಪ್ರೀಮಿಯಂನಲ್ಲೂ ಅಷ್ಟೇ ಬಂತು. 100ರಲ್ಲಿ ಗೆರೆ 10ರಲ್ಲೇ ನಿಂತಿತು, ಎಥೆನಾಲ್ ಇಲ್ಲ. ಈ ವಿಧಾನದಲ್ಲಿ ಒಂದೆರಡು ಶೇಕಡಾ ಆಚೀಚೆ ಆಗುವುದು ಸಹಜ.

ಇದನ್ನು ಬಯಲಿನಲ್ಲಿ, ನೆರಳಿನಲ್ಲಿ, ನೈಟ್ರೈಲ್ ಕೈಗವಸು ಹಾಕಿಕೊಂಡು, ಅಗ್ನಿಶಾಮಕ ಕೈಗೆಟಕುವಂತೆ ಇಟ್ಟುಕೊಂಡೇ ಮಾಡಿ. ಮನೆಯ ಒಳಗೆ ಖಂಡಿತ ಬೇಡ. ಉಳಿದ ಮಿಶ್ರಣವನ್ನು ಟ್ಯಾಂಕಿಗೆ ವಾಪಸ್ ಸುರಿಯಬಾರದು, ಚರಂಡಿಗೂ ಚೆಲ್ಲಬಾರದು. ಲೋಹದ ಕ್ಯಾನಿನಲ್ಲಿ ಬೇರೆಯಾಗಿಟ್ಟು ಹಳೆ ಆಯಿಲ್ ತೆಗೆದುಕೊಳ್ಳುವವರಿಗೆ ಏನಿದೆಯೆಂದು ಹೇಳಿ ಕೊಡಬೇಕು.

ಪೆಟ್ರೋಲ್ ಸರಿ ಇದೆ. ಮುಂದಕ್ಕೆ.

ಅದೇ ದಿನ ಮಧ್ಯಾಹ್ನ: ಏರಿನಲ್ಲಿ ಮೂರು ಓಟ

ಒಬಿಡಿ ಸಾಕೆಟ್ಟಿಗೆ (ಎಂಜಿನ್ನಿನ ಅಂಕಿಗಳನ್ನು ಓದುವ ಕಿಂಡಿ) ಬ್ಲೂಟೂತ್ ಅಡಾಪ್ಟರ್, ಫೋನಿನಲ್ಲಿ ದಾಖಲಿಸುವ ಆ್ಯಪ್. ನೋಡಬೇಕಾದ ಸಾಲುಗಳು: ಟೈಮಿಂಗ್ ಅಡ್ವಾನ್ಸ್ (ಪಿಸ್ಟನ್ ಮೇಲೆ ತಲುಪುವುದಕ್ಕೆ ಎಷ್ಟು ಡಿಗ್ರಿ ಮೊದಲು ಕಿಡಿ ಹೊತ್ತುತ್ತದೆ ಎಂಬುದು), ಮ್ಯಾನಿಫೋಲ್ಡ್ ಒತ್ತಡ (ಸಿಲಿಂಡರಿಗೆ ಗಾಳಿ ಒಯ್ಯುವ ಕೊಳವೆಯೊಳಗಿನದು), ಇನ್‌ಟೇಕ್ ಗಾಳಿಯ ಉಷ್ಣತೆ, ಕೂಲೆಂಟ್ ಉಷ್ಣತೆ, ಆರ್‌ಪಿಎಂ, ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಮಾಡಿದೆ ಎಂಬ ಅಂಕಿ). ನಾಕಿಂಗ್‌ನಿಂದಾಗಿ ಇಸಿಯು ಟೈಮಿಂಗನ್ನು ಎಷ್ಟು ಡಿಗ್ರಿ ಹಿಂದಕ್ಕೆ ತಂದಿದೆ ಎಂಬ ಅಂಕಿ ಸಾಮಾನ್ಯ ಒಬಿಡಿ ಪಟ್ಟಿಯಲ್ಲಿ ಇಲ್ಲ. ಅದು ತಯಾರಕರ ಸ್ವಂತ ಪಟ್ಟಿಯಲ್ಲಿರುತ್ತದೆ. ಅದಿಲ್ಲದಿದ್ದರೂ ಒಂದೇ ಹೊರೆ, ಒಂದೇ ಆರ್‌ಪಿಎಂನಲ್ಲಿ ಟೈಮಿಂಗ್ ಹೋಲಿಸಿದರೆ ಕೆಲಸ ನಡೆಯುತ್ತದೆ.

ಓಡಿಸುವವರು ಓಡಿಸಬೇಕು, ಪಕ್ಕದವರು ಫೋನ್ ನೋಡಬೇಕು. ಲಾರಿ ಸಾಲು ಇದ್ದರೆ ಓಟ ಬೇಡ. ಪ್ರತಿ ಓಟವೂ ಅದೇ ಏರು, ಮೂರನೇ ಗೇರ್, 2,000 ಆರ್‌ಪಿಎಂ, ಎಸಿ ಆನ್, ಇಬ್ಬರು ಜನ. ಪೆಟ್ರೋಲ್ ಬದಲಿಸುವಾಗ ಟ್ಯಾಂಕನ್ನು ಸುಮಾರು 5 ಲೀಟರಿಗೆ ಇಳಿಸಿ, 20 ಲೀಟರ್ ಹೊಸದು ಹಾಕಿ, 30 ಕಿ.ಮೀ. ಓಡಿಸಿದ ಮೇಲೆಯೇ ಅಳತೆ. 5 ಲೀಟರ್ 95ಕ್ಕೆ 20 ಲೀಟರ್ 100 ಸೇರಿದರೆ ಸ್ಥೂಲ ಲೆಕ್ಕದಲ್ಲಿ 99 ಆಗುತ್ತದೆ, ಅಷ್ಟು ಸಾಕು.

ಮಾಮೂಲಿ ಇ20: ಮ್ಯಾನಿಫೋಲ್ಡ್ 96 ಕಿಲೋಪಾಸ್ಕಲ್, ಇನ್‌ಟೇಕ್ ಗಾಳಿ 44 ಡಿಗ್ರಿ, ಕೂಲೆಂಟ್ 97, ಟೈಮಿಂಗ್ 14 ಡಿಗ್ರಿ. ಶಬ್ದ ಸ್ಪಷ್ಟ.
95 ಪ್ರೀಮಿಯಂ: ಟೈಮಿಂಗ್ 14. ಶಬ್ದ ಹಾಗೆಯೇ.
100: ಟೈಮಿಂಗ್ 14. ಶಬ್ದ ಇಲ್ಲ.

ಈ ಮೂರು ಸಾಲಿನಲ್ಲಿ ಮುಖ್ಯವಾದದ್ದು ಬದಲಾಗದೆ ನಿಂತ 14. ನಾಕಿಂಗ್ ಕಿವಿಗೆ ಕೇಳಿಸುವಷ್ಟು ಜೋರಾಗಿದ್ದರೆ ಇಸಿಯು ಅಷ್ಟರೊಳಗೆ ಟೈಮಿಂಗ್ ಹಿಂದಕ್ಕೆ ತಂದಿರಬೇಕಿತ್ತು. ಸರಿಯಾಗಿರುವ ಗಾಡಿಯಲ್ಲಿ ಕಟಕಟ ಒಂದೆರಡು ಬಾರಿ ಕೇಳಿಸಿ ಅಡಗುತ್ತದೆ, ಟೈಮಿಂಗ್ ಬೀಳುತ್ತದೆ, ಪಿಕಪ್ ಸ್ವಲ್ಪ ಮಂದವಾಗುತ್ತದೆ. ಇಲ್ಲಿ ನಮಗೆ ಕೇಳಿಸುತ್ತಿದೆ, ಇಸಿಯುಗೆ ಕೇಳಿಸುತ್ತಿಲ್ಲ. 100 ಆಕ್ಟೇನ್ ಆ ಕಿವುಡನ್ನು ಮುಚ್ಚಿಟ್ಟಿತ್ತು, ಅಷ್ಟೇ.

ಎರಡನೇ ದಿನ: ನಾಕ್ ಸೆನ್ಸರ್

ಇಸಿಯುಗೆ ಕಿವಿ ಎಂದರೆ ನಾಕ್ ಸೆನ್ಸರ್. ಚೆಕ್ ಎಂಜಿನ್ ಲೈಟ್ ಉರಿದಿಲ್ಲ, ಸ್ಕ್ಯಾನರಿನಲ್ಲಿ ಈ ಸೆನ್ಸರಿನ ದೋಷ ಕೋಡ್ ಪಿ0325 ಇಲ್ಲ. ಆ ಕೋಡ್ ಮುಖ್ಯವಾಗಿ ವೈರಿಂಗ್ ಕಡಿದಾಗ ಅಥವಾ ಸೆನ್ಸರ್ ಸಂಪೂರ್ಣ ಸತ್ತಾಗ ಬರುವಂಥದ್ದು. ವೈರು ಸರಿಯಿದ್ದು ಸಿಗ್ನಲ್ ಮಾತ್ರ ಕ್ಷೀಣವಾಗಿದ್ದರೆ ಕೋಡ್ ಬಾರದೆಯೂ ಇರಬಹುದು. ಹಾಗಾಗಿ ಕೋಡ್ ಇಲ್ಲ ಎಂದು ಸೆನ್ಸರನ್ನು ಕೈಬಿಡಬಾರದು.

ಸೆನ್ಸರ್ ಇರುವುದು ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಬ್ಲಾಕಿನ ಮೇಲೆ, ನಡುವೆ ತೂತಿರುವ ದುಂಡು ಬಿಲ್ಲೆಯ ಹಾಗೆ. ಒಳಗಿರುವುದು ಪೀಜೋ ಹರಳು. ನಾಕಿಂಗ್ ಆದಾಗ ಬ್ಲಾಕ್ ಸುಮಾರು 6ರಿಂದ 8 ಕಿಲೋಹರ್ಟ್ಸ್‌ನಲ್ಲಿ ನಡುಗುತ್ತದೆ, ಆ ನಡುಕವನ್ನು ಹರಳು ವೋಲ್ಟೇಜ್ ಮಾಡಿ ಕಳಿಸುತ್ತದೆ. ಬ್ಯಾಟರಿಯ ನೆಗೆಟಿವ್ ಕಳಚಿ, 12ರ ಬಾಕ್ಸ್ ಪಾನಾದಲ್ಲಿ ಬೋಲ್ಟ್ ಬಿಚ್ಚಿದರೆ ಕಾಣಿಸಿದ್ದು ಇದು: ಸೆನ್ಸರಿಗೂ ಬ್ಲಾಕಿಗೂ ನಡುವೆ ಒಂದು ಸ್ಪ್ರಿಂಗ್ ವಾಷರ್, ಅದರ ಸುತ್ತ ಕೆಂಪು ತುಕ್ಕಿನ ಉಂಗುರ, ಬ್ಲಾಕಿನ ಮುಖದ ಮೇಲೆ ಹಳೆ ಸೀಲಂಟಿನ ತುಣುಕು. ಬೋಲ್ಟ್ ಬೆರಳ ಬಿಗಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹಿಂದೆ ಯಾವುದೋ ಕೆಲಸಕ್ಕೆ ಇದನ್ನು ಬಿಚ್ಚಿದವರು ಮತ್ತೆ ಹಾಕುವಾಗ ‘ಸಡಿಲವಾಗದಿರಲಿ’ ಎಂದು ವಾಷರ್ ಸೇರಿಸಿದ್ದಾರೆ. ಬೇರೆ ಎಲ್ಲ ಕಡೆ ಒಳ್ಳೆಯ ಅಭ್ಯಾಸ, ಇಲ್ಲಿ ಮಾತ್ರ ತಪ್ಪು. ಸ್ಪ್ರಿಂಗ್ ವಾಷರ್ ನಡುಕವನ್ನು ನುಂಗುತ್ತದೆ.

ಸೆನ್ಸರನ್ನು ಮೇಜಿನ ಮೇಲಿಟ್ಟು ಮಲ್ಟಿಮೀಟರನ್ನು ಎಸಿ ಮಿಲಿವೋಲ್ಟಿಗೆ ಹಾಕಿ, ಸಣ್ಣ ಪಾನಾದಿಂದ ಮೆಲ್ಲಗೆ ತಟ್ಟಿದಾಗ ಅಂಕಿ ಜಿಗಿಯಿತು. ಸೆನ್ಸರ್ ಬದುಕಿದೆ, ಹೊಸದು ಬೇಡ. ಬ್ಲಾಕಿನ ಮುಖವನ್ನು 400ರ ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬ್ರೇಕ್ ಕ್ಲೀನರ್‌ನಿಂದ ಒರೆಸಿ, ವಾಷರ್ ಇಲ್ಲದೆ, ಗ್ರೀಸ್ ಇಲ್ಲದೆ, ಎಂ8 ಬೋಲ್ಟನ್ನು 20 ನ್ಯೂಟನ್ ಮೀಟರ್‌ಗೆ ಟಾರ್ಕ್ ಪಾನಾದಲ್ಲಿ ಬಿಗಿದೆವು. ಇಂಥ ಸೆನ್ಸರಿಗೆ ಬಾಷ್ ಹೇಳುವುದೂ 20, ಐದು ಆಚೀಚೆ. ಅಂದಾಜಿನಲ್ಲಿ ಜಗ್ಗಿ ಬಿಗಿದರೆ ಹರಳು ಬಿರುಕು ಬಿಡಬಹುದು.

ಮತ್ತೆ ಅದೇ ಏರು, ಮಾಮೂಲಿ ಇ20. ಮೊದಲ ನೂರು ಮೀಟರ್‌ನಲ್ಲಿ ಎರಡು ಸಲ ಕಟ್ ಎಂದಿತು. ಟೈಮಿಂಗ್ 14ರಿಂದ 11ಕ್ಕೆ, ಮತ್ತೆ 8ಕ್ಕೆ ಇಳಿಯಿತು. ಆಮೇಲೆ ಶಬ್ದ ಇಲ್ಲ. ಆದರೆ ಗಾಡಿ ಎಳೆಯುವುದು ಮಂದ.

ಇಲ್ಲಿಗೆ ನಿಲ್ಲಿಸಿದರೆ ಕೆಲಸ ಅರ್ಧ. ಎಂಜಿನ್ ಈಗ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ, ಆದರೆ 91 ಸಾಕೆಂದ ಎಂಜಿನ್ 95ರಲ್ಲೂ 6 ಡಿಗ್ರಿ ಬಿಟ್ಟುಕೊಡುತ್ತಿದೆ. ಈ ಹಂತದಲ್ಲಿ 100 ಹಾಕಿದರೆ ಪಿಕಪ್ ನಿಜವಾಗಿಯೂ ಹೆಚ್ಚುತ್ತದೆ. ‘ಪ್ರೀಮಿಯಂ ಹಾಕಿದರೆ ಗಾಡಿ ಹಾರುತ್ತೆ’ ಎನ್ನುವವರಲ್ಲಿ ಬಹಳಷ್ಟು ಮಂದಿಯ ಗಾಡಿ ಇರುವುದು ಇದೇ ಸ್ಥಿತಿಯಲ್ಲಿ.

ಮೂರನೇ ದಿನ: ಮಿಶ್ರಣ ತೆಳುವಾಗಿದೆ

ಲಾಂಗ್ ಟರ್ಮ್ ಟ್ರಿಮ್ ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಶೇ. +14, 2,500 ಆರ್‌ಪಿಎಂನಲ್ಲಿ +6. ಅಂದರೆ ಗಾಳಿಗೆ ಪೆಟ್ರೋಲ್ ಸಾಲದೆ ಇಸಿಯು ಅಷ್ಟು ಹೆಚ್ಚಿಗೆ ಸೇರಿಸುತ್ತಿದೆ. ಇದನ್ನು ಓದುವ ಕ್ರಮ ತಿಳಿದಿದ್ದರೆ ಅರ್ಧ ದಿನ ಉಳಿಯುತ್ತದೆ.

ಎಥೆನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುತ್ತದೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಇ10ಕ್ಕೆ ಸುಮಾರು 14.1, ಇ20ಗೆ ಸುಮಾರು 13.5. ಇ10ಕ್ಕೆ ಹೊಂದಿಸಿದ ಗಾಡಿಗೆ ಇ20 ಹಾಕಿದರೆ ಇಸಿಯು ಇಂಜೆಕ್ಟರನ್ನು ಸುಮಾರು ಶೇ. 4ರಷ್ಟು ಹೆಚ್ಚು ಹೊತ್ತು ತೆರೆಯಬೇಕಾಗುತ್ತದೆ. ಇದು ಐಡಲ್‌ನಲ್ಲೂ ಹೊರೆಯಲ್ಲೂ ಹೆಚ್ಚುಕಡಿಮೆ ಒಂದೇ ಸಮ. ಐಡಲ್‌ನಲ್ಲಿ ಮಾತ್ರ ಹೆಚ್ಚಿದ್ದರೆ ಗಾಳಿ ಸೋರಿಕೆ. ಹೊರೆ ಏರಿದಂತೆ ಟ್ರಿಮ್ ಏರುತ್ತಾ ಹೋದರೆ ಪೆಟ್ರೋಲ್ ಪಂಪು ಅಥವಾ ಫಿಲ್ಟರ್.

ನಮ್ಮದು ಐಡಲ್‌ನದು. ಇಕ್ಕಳದಿಂದ ಒಂದೊಂದೇ ರಬ್ಬರ್ ಪೈಪನ್ನು ಮೆಲ್ಲಗೆ ಒತ್ತಿ ಹಿಡಿದು ಶಾರ್ಟ್ ಟರ್ಮ್ ಟ್ರಿಮ್ ನೋಡುತ್ತಾ ಹೋದಾಗ ಪಿಸಿವಿ ಪೈಪಿನಲ್ಲಿ (ಎಂಜಿನ್ನಿನ ಕೆಳಗಿನ ಆವಿಯನ್ನು ಇನ್‌ಟೇಕ್‌ಗೆ ಒಯ್ಯುವ ಪೈಪ್) ಅಂಕಿ ಥಟ್ಟನೆ ಇಳಿಯಿತು. ಪೈಪಿನ ಕೆಳಭಾಗದ ಬಾಗಿನಲ್ಲಿ, ಮೇಲಿಂದ ಕಾಣದ ಜಾಗದಲ್ಲಿ, ಉಗುರಿನಷ್ಟು ಉದ್ದದ ಸೀಳು. ಬಿಸಿ ಎಂಜಿನ್ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಹುಡುಕುವ ರೂಢಿ ಇದೆ. ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಅದನ್ನು ಮಾಡಬೇಡಿ.

ಹೊಸ ಪೈಪ್, ಎರಡು ಹೊಸ ಕ್ಲಿಪ್. ಟ್ರಿಮ್ ಐಡಲ್‌ನಲ್ಲಿ +5, 2,500ರಲ್ಲಿ +5. ಉಳಿದ 5 ಇ20ಯದು, ಅದನ್ನು ರಿಪೇರಿ ಮಾಡಲು ಏನೂ ಇಲ್ಲ. ಏರಿನಲ್ಲಿ ಟೈಮಿಂಗ್ 9.

ಪ್ಲಗ್ ಮತ್ತು ಕಾರ್ಬನ್

ಪ್ಲಗ್ ಬಿಚ್ಚಿದಾಗ ಮೂರನೇ ಸಿಲಿಂಡರಿನದು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡುವಂತಿತ್ತು. ಪಿಂಗಾಣಿ ಕಂದು ಬಣ್ಣಕ್ಕೆ ಬದಲಾಗಿ ಸುಣ್ಣದ ಹಾಗೆ ಬಿಳಿ, ಅದರ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಕಪ್ಪು ಚುಕ್ಕೆಗಳು. ಬಿಳುಪು ಅತಿ ಬಿಸಿಯ ಗುರುತು, ಚುಕ್ಕೆ ನಾಕಿಂಗ್‌ನ ಗುರುತು. ಹೊಳೆಯುವ ಅಲ್ಯೂಮಿನಿಯಂ ಕಣಗಳು ಅಂಟಿದ್ದರೆ ಪಿಸ್ಟನ್ನೇ ಸವೆಯುತ್ತಿದೆ ಎಂದರ್ಥ, ಅದೃಷ್ಟಕ್ಕೆ ಅದು ಕಾಣಲಿಲ್ಲ. ಕಂಪ್ರೆಷನ್ ಪರೀಕ್ಷೆಯಲ್ಲೂ ನಾಲ್ಕೂ ಸಿಲಿಂಡರ್ 12.8ರಿಂದ 13.1 ಬಾರ್ ಒಳಗೆ ಬಂದವು.

ಪ್ಲಗ್ ಮೇಲಿನ ಸಂಖ್ಯೆ ಓದಿದರೆ ಹೀಟ್ ರೇಂಜ್ 5. ಕೈಪಿಡಿ ಕೇಳುವುದು 6. ಎನ್‌ಜಿಕೆ ಮತ್ತು ಡೆನ್ಸೊ ಪ್ಲಗ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿನದು, ಅಂದರೆ ಬಿಸಿಯನ್ನು ಬೇಗ ಹೆಡ್ಡಿಗೆ ಬಿಟ್ಟುಕೊಡುತ್ತದೆ. ಬಾಷ್‌ನಲ್ಲಿ ಇದು ತಿರುಗುಮುರುಗು. ಎರಡು ಕಂಪನಿಯ ಪ್ಲಗ್‌ಗಳನ್ನು ಅಂಕಿ ನೋಡಿ ಹೋಲಿಸುವಾಗಲೇ ಇಂಥ ಎಡವಟ್ಟು ಆಗುವುದು. ಥ್ರೆಡ್ ಕೂತುಕೊಳ್ಳುತ್ತದೆ, ಗಾಡಿ ಸ್ಟಾರ್ಟ್ ಆಗುತ್ತದೆ, ನಗರದಲ್ಲಿ ಏನೂ ಗೊತ್ತಾಗುವುದಿಲ್ಲ. ಘಾಟಿಯಲ್ಲಿ ಪ್ಲಗ್ಗಿನ ತುದಿ ಕಾದು ಮಿಶ್ರಣವನ್ನು ಬಿಸಿಮಾಡುತ್ತದೆ.

ಪ್ಲಗ್ ಹೊರಗಿರುವಾಗಲೇ ಬೋರೋಸ್ಕೋಪ್ (ತೂತಿನೊಳಗೆ ಇಳಿಸಿ ನೋಡುವ ಸಣ್ಣ ಕ್ಯಾಮೆರಾ) ಇಳಿಸಿದೆವು. ಪಿಸ್ಟನ್ ತಲೆಯ ಮೇಲೆ ದೋಸೆ ಹಂಚಿನ ಅಂಚಿನಲ್ಲಿ ವರ್ಷಗಟ್ಟಲೆ ಕೂತ ಕರಿಯ ಹಾಗೆ ಒಡೆದೊಡೆದ ಪದರ. ಕಾರ್ಬನ್ ಎರಡು ರೀತಿ ಕೆಡಿಸುತ್ತದೆ: ಜಾಗ ತುಂಬಿ ಕಂಪ್ರೆಷನ್ ಏರಿಸುತ್ತದೆ, ಮತ್ತು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇದನ್ನು ತೆಗೆದ ಕ್ರಮವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇವೆ, ಏಕೆಂದರೆ ಇಲ್ಲಿ ತಪ್ಪಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಉಗುರುಬೆಚ್ಚಗೆ ಇರುವಾಗ ಕ್ರ್ಯಾಂಕ್ ಪುಲ್ಲಿಯನ್ನು ಕೈಯಿಂದ ತಿರುಗಿಸಿ ನಾಲ್ಕೂ ಪಿಸ್ಟನ್ ಒಂದೇ ಎತ್ತರಕ್ಕೆ, ಅಂದರೆ ನಡುಮಟ್ಟಕ್ಕೆ ತರಬೇಕು. ಪ್ಲಗ್ ತೂತಿನಲ್ಲಿ ಉದ್ದ ಕಡ್ಡಿ ಇಳಿಸಿ ಖಚಿತ ಮಾಡಿಕೊಳ್ಳಬಹುದು. ಪಿಸ್ಟನ್ ಶುಚಿಮಾಡುವ ದ್ರಾವಣ ಸಿಲಿಂಡರಿಗೆ 30 ಮಿ.ಲೀ.ಯಂತೆ ಸಿರಿಂಜಿನಿಂದ ಬಿಟ್ಟು 8 ಗಂಟೆ ನೆನೆಯಲು ಬಿಟ್ಟೆವು. ಬೆಳಗ್ಗೆ ಉಳಿದಿದ್ದನ್ನು ಸಿರಿಂಜಿಗೆ ನಳಿಕೆ ಸೇರಿಸಿ ಪೂರ್ತಿ ಹೀರಿ ತೆಗೆದು, ಇಂಜೆಕ್ಟರ್ ಮತ್ತು ಇಗ್ನಿಷನ್ ಫ್ಯೂಸ್ ಎರಡನ್ನೂ ಕಳಚಿ, ಪ್ಲಗ್ ತೂತುಗಳ ಮೇಲೆ ದಪ್ಪ ಬಟ್ಟೆ ಹಾಸಿ 5 ಸೆಕೆಂಡಿನಂತೆ ಮೂರು ಬಾರಿ ಸೆಲ್ಫ್ ಹೊಡೆಸಿದೆವು. ಒಳಗೆ ದ್ರವ ಉಳಿದು ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದರೆ ದ್ರವ ಕುಗ್ಗುವುದಿಲ್ಲ, ರಾಡ್ ಬಾಗುತ್ತದೆ. ದ್ರಾವಣದ ಒಂದು ಪಾಲು ರಿಂಗುಗಳ ಸಂದಿಯಿಂದ ಆಯಿಲ್ ಸಂಪಿಗೆ ಇಳಿದೇ ಇರುತ್ತದೆ. ಆದ್ದರಿಂದ ಓಡಿಸುವ ಮೊದಲೇ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲು. ಹಣ ಉಳಿಸಲು ಇದನ್ನು ಬಿಡಬಾರದು.

ಹೊಸ ಪ್ಲಗ್ ನಾಲ್ಕು, ಹೀಟ್ ರೇಂಜ್ 6. 12 ಮಿ.ಮೀ. ಥ್ರೆಡ್, ಮೊದಲು ಬೆರಳಿನಿಂದ, ಆಮೇಲೆ ತಣ್ಣಗಿನ ಹೆಡ್ಡಿಗೆ 18 ನ್ಯೂಟನ್ ಮೀಟರ್. ಥ್ರೆಡ್ಡಿಗೆ ಗ್ರೀಸ್ ಹಚ್ಚಿಲ್ಲ. ಹಚ್ಚಿದರೆ ಅದೇ ಟಾರ್ಕ್‌ಗೆ ಪ್ಲಗ್ ಹೆಚ್ಚು ಬಿಗಿಯಾಗಿ ಥ್ರೆಡ್ ಹಿಗ್ಗುತ್ತದೆ.

ಅದೇ ಏರು, ಮಾಮೂಲಿ ಇ20, ಇನ್‌ಟೇಕ್ ಗಾಳಿ 43 ಡಿಗ್ರಿ: ಟೈಮಿಂಗ್ 14, ಶಬ್ದ ಇಲ್ಲ. ಮೊದಲಿನ 14 ಇಸಿಯು ಕಿವುಡಾಗಿದ್ದಾಗಿನದು, ಇದು ಕೇಳಿಸಿಕೊಂಡೂ ಬಿಟ್ಟುಕೊಡದೆ ನಿಂತದ್ದು. 95 ಪ್ರೀಮಿಯಂನಲ್ಲಿ 14. 100ರಲ್ಲೂ 14, ಒಂದೆರಡು ಕ್ಷಣ 15. ನಕಾಶೆಯಲ್ಲಿ (ಇಸಿಯು ಒಳಗೆ ತಯಾರಕರು ಮೊದಲೇ ಬರೆದಿಟ್ಟ ಪಟ್ಟಿಯಲ್ಲಿ) ಇರುವಷ್ಟು ಟೈಮಿಂಗ್ ಸಿಕ್ಕಿದ ಮೇಲೆ ಇನ್ನೂ ಮುಂದಕ್ಕೆ ಹೋಗಲು ಇಸಿಯುನಲ್ಲಿ ಜಾಗವೇ ಇಲ್ಲ.

ಹಣದ ಲೆಕ್ಕ

ಲೆಕ್ಕಕ್ಕೆ ಮಾಮೂಲಿ ಲೀಟರಿಗೆ 103, ಪ್ರೀಮಿಯಂ 111, 100 ಆಕ್ಟೇನ್ 160 ರೂಪಾಯಿ ಎಂದು ಇಟ್ಟುಕೊಳ್ಳಿ. ನಿಮ್ಮ ಬಂಕಿನ ದರ ಹಾಕಿ ಮತ್ತೆ ಲೆಕ್ಕ ಹಾಕಬಹುದು. ಮಾಮೂಲಿಯಲ್ಲಿ ಮೈಲೇಜ್ 17 ಇದ್ದರೆ ಕಿ.ಮೀ.ಗೆ 6.06 ರೂಪಾಯಿ. 111 ಕೊಟ್ಟದ್ದು ಸಮವಾಗಬೇಕಾದರೆ ಮೈಲೇಜ್ 18.3 ಆಗಬೇಕು. ಆಕ್ಟೇನೂ ಎಥೆನಾಲೂ ಒಂದೇ ಇರುವಾಗ ಆ ಶೇ. 8 ಎಲ್ಲಿಂದಲೂ ಬರುವುದಿಲ್ಲ. ಎಥೆನಾಲ್ ಇಲ್ಲದ 100ರಲ್ಲಿ ಲೀಟರಿಗೆ ಶಕ್ತಿ ಶೇ. 6-7 ಹೆಚ್ಚು, ಏಕೆಂದರೆ ಎಥೆನಾಲಿನ ಲೀಟರಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಮೈಲೇಜ್ 18.1ಕ್ಕೆ ಏರಬಹುದು. ಆಗಲೂ ಕಿ.ಮೀ.ಗೆ 8.84. ವರ್ಷಕ್ಕೆ 12,000 ಕಿ.ಮೀ. ಓಡಿಸಿದರೆ ಮಾಮೂಲಿಗಿಂತ 33,000 ರೂಪಾಯಿ ಹೆಚ್ಚು. ಮೇಲಿನ ರಿಪೇರಿಗೆ ಬೇಕಾದದ್ದು ಒಂದು ಪೈಪ್, ಎರಡು ಕ್ಲಿಪ್, ನಾಲ್ಕು ಪ್ಲಗ್, ಆಯಿಲ್, ಫಿಲ್ಟರ್, ಒಂದು ಡಬ್ಬಿ ದ್ರಾವಣ ಮತ್ತು ಮೂರು ದಿನದ ಕೂಲಿ.

ಮೈಲೇಜ್ ಅಳೆಯುವವರು ಒಂದು ಟ್ಯಾಂಕ್ ನೋಡಿ ತೀರ್ಪು ಕೊಡಬೇಡಿ. ಅದೇ ಬಂಕು, ಅದೇ ನಾಜಲ್, ಮೊದಲ ಕಟ್‌ಆಫ್‌ಗೆ ನಿಲ್ಲಿಸಿದರೂ ಅರ್ಧ ಲೀಟರ್ ಆಚೀಚೆ ಆಗುತ್ತದೆ. 30 ಲೀಟರಿಗೆ ಅದು ಶೇ. 1.7. ಮೂರು ಟ್ಯಾಂಕಿನ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ.

ಪ್ರೀಮಿಯಂ ನಿಜವಾಗಿ ಬೇಕಾಗುವ ಗಾಡಿ

ಟರ್ಬೊ ಪೆಟ್ರೋಲ್ ಗಾಡಿಗಳ ಕಥೆ ಬೇರೆ. ಅಲ್ಲಿ ಟರ್ಬೊ ಗಾಳಿ ತುಂಬುವುದರಿಂದ ಬೆಂಗಳೂರಿನ ಎತ್ತರದ ರಿಯಾಯಿತಿ ಹೆಚ್ಚು ಸಿಗುವುದಿಲ್ಲ. ಇಸಿಯು ನಕಾಶೆಯಲ್ಲೂ ಹೆಚ್ಚಿನ ಆಕ್ಟೇನನ್ನು ಬಳಸಿಕೊಳ್ಳಲು ಜಾಗ ಇರುತ್ತದೆ. ಪೆಟ್ರೋಲ್ ಮುಚ್ಚಳದ ಒಳಗಡೆ ‘95’ ಮಾತ್ರ ಬರೆದಿದ್ದರೆ ಅದನ್ನೇ ಪಾಲಿಸಿ. ‘95, ಕನಿಷ್ಠ 91’ ಎಂದಿದ್ದರೆ 91ರಲ್ಲಿ ಎಂಜಿನ್ ಕೆಡುವುದಿಲ್ಲ, ಸ್ವಲ್ಪ ಶಕ್ತಿ ಬಿಟ್ಟುಕೊಡುತ್ತದೆ ಎಂದರ್ಥ.

ಡೈರೆಕ್ಟ್ ಇಂಜೆಕ್ಷನ್ ಇದ್ದರೆ ಇನ್ನೊಂದು ಮಾತು. ಪೆಟ್ರೋಲ್ ನೇರ ಸಿಲಿಂಡರಿಗೆ ಚಿಮ್ಮುವುದರಿಂದ ಇನ್‌ಟೇಕ್ ವಾಲ್ವಿಗೆ ಅದು ತಾಕುವುದೇ ಇಲ್ಲ. ಪ್ರೀಮಿಯಂನ ಶುಚಿಕಾರಕ ಇಂಜೆಕ್ಟರನ್ನು ತೊಳೆಯಬಹುದು, ವಾಲ್ವಿನ ಕಾರ್ಬನ್ನಿಗೆ ಅದರಿಂದ ಉಪಯೋಗವಿಲ್ಲ. ಇಂಥ ಎಂಜಿನ್ನುಗಳಲ್ಲಿ ಕಡಿಮೆ ಆರ್‌ಪಿಎಂ, ಹೆಚ್ಚು ಹೊರೆಯಲ್ಲಿ ಕಿಡಿಗಿಂತ ಮೊದಲೇ ಹೊತ್ತಿಕೊಂಡು ‘ಢಮ್’ ಎಂದು ಒಂದೇ ಪೆಟ್ಟು ಬೀಳುವ ತೊಂದರೆಯೂ ಇದೆ. ಅದು ಪಿಸ್ಟನ್ನನ್ನೇ ಒಡೆಯಬಲ್ಲದು, ಮತ್ತು ಅದಕ್ಕೆ ಆಕ್ಟೇನ್ ಪೂರ್ತಿ ಮದ್ದಲ್ಲ. 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯ ಆಯಿಲ್ ಹಾಕಬೇಕು, ಮತ್ತು 1,500 ಆರ್‌ಪಿಎಂನಲ್ಲಿ ಐದನೇ ಗೇರಿನಲ್ಲೇ ಏರು ಎಳೆಸದೆ ಗೇರ್ ಇಳಿಸಬೇಕು.

ಅಮೆರಿಕದಲ್ಲಿರುವ ನಮ್ಮವರು ಊರಿಗೆ ಫೋನ್ ಮಾಡಿ ‘ಇಲ್ಲಿ 91 ಎಂದರೆ ಪ್ರೀಮಿಯಂ, ಅಲ್ಲಿ ಮಾಮೂಲಿಯೇ 91 ಅಂತೆ’ ಎಂದು ಗೊಂದಲಕ್ಕೆ ಬೀಳುವುದುಂಟು. ಅಲ್ಲಿನ ಪಂಪಿನ ಮೇಲಿರುವುದು ಆರ್‌ಒಎನ್ ಮತ್ತು ಎಂಒಎನ್ (ಹೆಚ್ಚು ಕಠಿಣ ಪರೀಕ್ಷೆಯಲ್ಲಿ ಬರುವ ಆಕ್ಟೇನ್ ಸಂಖ್ಯೆ) ಎರಡರ ಸರಾಸರಿ. ಅಲ್ಲಿನ 87 ನಮ್ಮ ಅಳತೆಯಲ್ಲಿ ಸುಮಾರು 91-92, ಅಲ್ಲಿನ 91 ನಮ್ಮಲ್ಲಿ ಸುಮಾರು 95-96.

1,000 ಕಿ.ಮೀ. ನಂತರದ ತಪಾಸಣೆ

ಗಾಡಿ ಎರಡು ಸಲ ಘಾಟಿ ಹತ್ತಿ ಬಂದಿದೆ, ಎರಡೂ ಸಲ ಮಾಮೂಲಿ ಇ20. ಟ್ರಿಮ್ ಐಡಲ್‌ನಲ್ಲಿ +4, 2,500ರಲ್ಲಿ +5. ಮೂರನೇ ಸಿಲಿಂಡರಿನ ಪ್ಲಗ್ ಬಿಚ್ಚಿ ನೋಡಿದರೆ ಪಿಂಗಾಣಿ ತಿಳಿ ಕಂದು, ಚುಕ್ಕೆ ಇಲ್ಲ. ನಾಕ್ ಸೆನ್ಸರ್ ಬೋಲ್ಟಿನ ಮೇಲೆ ಎಳೆದಿದ್ದ ಬಿಳಿ ಬಣ್ಣದ ಗೆರೆ ಸರಿದಿಲ್ಲ. ತಯಾರಾದ ವರ್ಷ 2017 ಆಗಿರುವುದರಿಂದ ಇ20ಗೆ ಸಂಬಂಧಿಸಿ ಟ್ಯಾಂಕಿನಿಂದ ಇಂಜೆಕ್ಟರ್ ರೈಲಿನವರೆಗಿನ ರಬ್ಬರ್ ಪೈಪುಗಳನ್ನು ಪ್ರತಿ 10,000 ಕಿ.ಮೀ.ಗೆ ಬಾಗಿಸಿ ನೋಡಬೇಕೆಂದು ಸರ್ವಿಸ್ ಪುಸ್ತಕದಲ್ಲಿ ಬರೆದಿದ್ದೇವೆ: ಬಾಗಿದ ಕಡೆ ಬಿರುಕು, ಮೆತ್ತಗಾಗಿ ಊದಿದ್ದು, ಪೆಟ್ರೋಲ್ ವಾಸನೆ, ಈ ಮೂರರಲ್ಲಿ ಯಾವುದು ಕಂಡರೂ ಪೈಪ್ ಬದಲಿಸುವುದು.